ಚಾಚಿದ ಕೈ

ಇವತ್ತಿನ ಪಾಠ, ಎತ್ತು ಎಡವಿದ ಕತೆ.
ಪಟ್ಟಿಯಲ್ಲಿ ನನ್ನ ಸರದಿ, ಓದಬೇಕಾದವನು ನಾನೇ.
ಸೊಹಾರ್‌ನ ಶುಕ್ರವಾರ, ಬೆಳಿಗ್ಗೆ ಎಂಟೂವರೆ.
ಪ್ರಾರ್ಥನೆಯ ಹಾಲಿನಲ್ಲಿ ಕನ್ನಡಕ್ಕೆ ಒಂದು ಗಂಟೆ,
ಆಮೇಲೆ ತೆಲುಗಿನವರು, ಅವರಾದ ಮೇಲೆ ಫಿಲಿಪಿನೋಗಳು;
ಏಸಿ ಮಾತ್ರ ಎಲ್ಲರಿಗೂ ಒಂದೇ ಭಾಷೆಯಲ್ಲಿ ಗೊಣಗುತ್ತದೆ.

ಹೊಸ ಬಂಡಿ. ಅದರ ಮೇಲೆ ದೇವರ ಪೆಟ್ಟಿಗೆ.
ಮುಂದೆ ತಾಳ, ತಮ್ಮಟೆ, ಕುಣಿಯುವ ಅರಸ.
ಕಣದ ಹತ್ತಿರ ಎತ್ತು ಮುಗ್ಗರಿಸಿತು, ಪೆಟ್ಟಿಗೆ ವಾಲಿತು,
ಪಕ್ಕದಲ್ಲಿದ್ದವನು ಕೈ ಚಾಚಿ ಹಿಡಿದ.
ಹಿಡಿದವನು ಅಲ್ಲೇ ಸತ್ತ.

ದೇವರ ವಾಕ್ಯ ಎನ್ನಬೇಕಿತ್ತು, ಅಂದೆ.
ನಾಲಗೆಗೆ ಮರಳು ತಾಗಿದ ಹಾಗಿತ್ತು.

ಪಾಲಕರು ವಿವರಿಸಿದರು: ಹೆಗಲ ಮೇಲೆ ಹೊರಬೇಕಿತ್ತು,
ಬಂಡಿಗೆ ಹಾಕಬಾರದಿತ್ತು,
ಮುಟ್ಟಬಾರದೆಂಬ ಕಟ್ಟಳೆ ಮೊದಲೇ ಇತ್ತು.
ಎಲ್ಲ ಸರಿ. ಈ ಭಾಷೆ ನನಗೆ ಗೊತ್ತು.
ನಾನು ಯಾರ್ಡಿನ ಟೈಮ್ ಕೀಪರ್,
ಇಂಥದ್ದನ್ನು ನಾನೂ ಬರೆದಿದ್ದೇನೆ.

ಮಾರ್ಚ್ ಹತ್ತೊಂಬತ್ತು. ಬಂದರಿನ ಮೂರನೇ ಗೇಟು.
ಟ್ರೇಲರ್ ಹಂಪ್ ಹತ್ತಿ ಇಳಿಯಿತು,
ಪಂಪು ತುಂಬಿದ ಮರದ ಪೆಟ್ಟಿಗೆ ವಾಲಿತು.
ಮೊಫಿಜುಲ್ ಕೈ ಚಾಚಿದ,
ಮಂಚದಂಚಿಗೆ ಉರುಳುವ ಕೂಸಿಗೆ ಚಾಚುವ ಹಾಗೆ,
ಉಕ್ಕುವ ಹಾಲಿಗೆ, ಬಟ್ಟೆಯ ನೆನಪೇ ಇಲ್ಲದೆ, ಚಾಚುವ ಹಾಗೆ.
ಕೈಗೆ ಕಟ್ಟಳೆ ಓದಲು ಬರುವುದಿಲ್ಲ.
ಬೀಳುವುದನ್ನು ಅದು ಸಹಿಸಲಾರದು, ಅಷ್ಟೇ.

ಒಂದೂವರೆ ಟನ್.

ವರದಿ ನನ್ನ ಕೈಬರಹ:
ಕಾರ್ಮಿಕ ಸಂಖ್ಯೆ ೪೪೧೭, ಅನುಮತಿಯಿಲ್ಲದೆ ಸರಕು ಮುಟ್ಟಿದ್ದು,
ತಪ್ಪು ಅವನದೇ.
ಬೆಲ್ಟು ಎರಡು ಕಮ್ಮಿ ಬಿಗಿದದ್ದನ್ನು
ಸೂಪರ್‌ವೈಸರ್ ಹೇಳಲಿಲ್ಲ, ನಾನು ಬರೆಯಲಿಲ್ಲ.
ಆ ದಿನದ ಕಾಲಮ್ಮಿನಲ್ಲಿ ಅವನಿಗೆ ನಾಲ್ಕು ಗಂಟೆ ತುಂಬಿದೆ,
ಉಳಿದ ಆರಕ್ಕೆ ಗೆರೆ ಎಳೆದೆ.

ಸುಳ್ಳೇಕೆ, ಆ ರಾತ್ರಿಯಿಂದ
ದೇವರ ಮೇಲೊಂದು ಫೈಲು ತೆರೆದಿದ್ದೇನೆ.
ಕ್ಯಾಂಪಿನ ಮಂಚದಲ್ಲಿ, ಮೊಬೈಲಿನ ಬೆಳಕಿನಲ್ಲಿ,
ಗಂಟಲಲ್ಲಿ ಇಳಿಯದ ಪುಟಗಳಿಗೆಲ್ಲ ಕಿವಿ ಮಡಚಿದ್ದೇನೆ:
ನೀರಲ್ಲಿ ಮುಳುಗಿದ ಲೋಕದ ಹಾಲುಗೂಸುಗಳು,
ತಿರುಗಿ ನೋಡಿದ್ದಕ್ಕೆ ಉಪ್ಪಾದ ಹೆಂಗಸು,
ಒಂದೇ ರಾತ್ರಿ ಚೊಚ್ಚಲು ಮಕ್ಕಳನ್ನು ಕಳಕೊಂಡ ಮನೆಗಳು.
ಪುಸ್ತಕ ಈಗ ಮುಚ್ಚಿದರೂ ಮುಚ್ಚಿಕೊಳ್ಳುವುದಿಲ್ಲ.

ಚಹಾದ ಸಾಲಿನಲ್ಲಿ ರೂಪಕಲಾ ಜತ್ತನ್ನ,
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ನೇರ ಬಂದವಳು, ಕೇಳಿದಳು:
"ಅವನ ಹೆಸರು ಓದುವಾಗ ತಡವರಿಸಿದಿರಲ್ಲ?"

ಹೆಸರು.
ಹೌದು, ಸತ್ತವನಿಗೆ ಹೆಸರಿದೆ.
ಅಪ್ಪನ ಹೆಸರೂ ಇದೆ. ಬಿದ್ದ ಜಾಗಕ್ಕೆ ಅವನದೇ ಹೆಸರು.
ಅರಸ ಕುಣಿತ ಬಿಟ್ಟು ದೇವರ ಮೇಲೆಯೇ ಮುನಿದ,
ಆ ಮುನಿಸನ್ನೂ ಅಳಿಸದೆ ಉಳಿಸಿದ್ದಾರೆ.
ಮೆರವಣಿಗೆ ಮೂರು ತಿಂಗಳು ಅಲ್ಲೇ ನಿಂತಿತು.

ನಮ್ಮ ಟ್ರೇಲರ್ ಇಪ್ಪತ್ತು ನಿಮಿಷಕ್ಕೆ ಹೊರಟಿತ್ತು.
ಮೂರನೇ ಗೇಟಿಗೆ ಈಗಲೂ ಮೂರನೇ ಗೇಟೆಂದೇ ಹೆಸರು.

ಯಾಕೆ ಹಾಗಾಯಿತೋ ನನಗಿನ್ನೂ ತಿಳಿಯದು.
ಪಾಲಕರ ಉತ್ತರ ನನ್ನ ಬುತ್ತಿಯಲ್ಲಿ ಹಿಡಿಸುವುದಿಲ್ಲ.
ಆದರೆ ಕೈತೊಳೆದುಕೊಳ್ಳುವವರ ವರದಿ ಹೇಗಿರುತ್ತದೆಂದು
ನನಗಿಂತ ಚೆನ್ನಾಗಿ ಯಾರು ಬಲ್ಲರು?
ಅದರಲ್ಲಿ ಹೆಸರಿರುವುದಿಲ್ಲ. ಮುನಿಸಂತೂ ಇರುವುದೇ ಇಲ್ಲ.
ಬಚ್ಚಿಡುವವನು ಹೀಗೆ ಬರೆಸುವುದಿಲ್ಲ.
ಇಷ್ಟು ನಂಬುತ್ತೇನೆ, ಇದಕ್ಕಿಂತ ಹೆಚ್ಚು ಕೇಳಬೇಡಿ:
ಬಿಗಿಯದ ಎರಡು ಬೆಲ್ಟು ಅವನ ಲೆಕ್ಕದಲ್ಲಿವೆ,
ಆ ಆರು ಗಂಟೆಯೂ.

ರಾತ್ರಿ ಬಿಳಿ ಹಾಳೆ ತೆಗೆದೆ.
ಮೊಫಿಜುಲ್, ತಂದೆ ಅಬ್ದುಲ್ ಹಾಲಿಮ್, ನೊವಾಖಾಲಿ ಜಿಲ್ಲೆ.
ಬೆಲ್ಟು ಬೇಕಾದದ್ದು ಆರು, ಬಿಗಿದದ್ದು ನಾಲ್ಕು.
ಹೊರಗೆ ಬಾಂಗು. ಅವನ ಮಂಚದಲ್ಲಿ ಹೊಸಬನೊಬ್ಬ
ಹೊದಿಕೆ ಕೊಡವುತ್ತಿದ್ದ.
ಸಹಿಯ ಜಾಗಕ್ಕೆ ಬಂದಾಗ ಬೆರಳು ಬೆವೆತು
ಪೆನ್ನು ಜಾರಿತು, ಮೇಜಿನಂಚಿಗೆ ಉರುಳಿತು.

ಕೈ ತಾನಾಗಿ ಚಾಚಿತು.